ಉರುಳೋ ಕಲ್ಲಿಗೆ ಪಾಚಿ ಹಿಡಿಯಲ್ಲ ಅನ್ನೋ ಗಾದೆ ರಾಕ್‌ನವರಿಗೆ ಯಾಕಿಷ್ಟು ಇಷ್ಟ?

ಸಾಗರದ_ಹುಡುಗ

ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋಗಿದ್ದೆ. ನಾನು ಮತ್ತೆ ಕೆಲಸ ಬದಲಾಯಿಸಿದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಊಟಕ್ಕೆ ಕೂತಾಗ ಸೋದರಮಾವ ಶುರು ಮಾಡಿದರು. "ಉರುಳೋ ಕಲ್ಲಿಗೆ ಪಾಚಿ ಹಿಡಿಯಲ್ಲ ಕಣೋ, ಎಲ್ಲಾದ್ರೂ ಒಂದು ಕಡೆ ನಿಲ್ಲು." ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಹಾಗಾಗಿ ಇಂಗ್ಲಿಷಿನಲ್ಲೂ ಒಂದು ಸಲ ಹೇಳಿದರು. ತಮಾಷೆ ಏನಂದ್ರೆ, ಆಗ ನಾನು ಹಾಕಿದ್ದ ಟೀ ಶರ್ಟ್ ಮೇಲೆ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಕೆಂಪು ನಾಲಿಗೆ ಇತ್ತು. ಅತ್ತೆ ಅದನ್ನು ನೋಡಿ "ಇದೆಂತದು ಮಾರಾಯ, ಕಾಳಿ ನಾಲಿಗೆ ಥರ" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ತಲೆಗೆ ಹುಳ ಹೊಕ್ಕಿತು. ನಮ್ಮ ಕಡೆ ಪಾಚಿ ಅಂದ್ರೆ ಪೀಡೆ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟ ನೋವು ಮಾಡಿಕೊಂಡವರು ಮನೆಗೊಬ್ಬರು ಇದ್ದಾರೆ. ಅಂಥದ್ದು ಹಿಡಿಯದಿದ್ರೆ ಒಳ್ಳೇದೇ ಅಲ್ವಾ? ಬೈಯೋಕೆ ಈ ಗಾದೆ ಯಾಕೆ?

ಇನ್ನೊಂದು ವಿಷಯ. ಬ್ಯಾಂಡ್ ಹೆಸರು ರೋಲಿಂಗ್ ಸ್ಟೋನ್ಸ್, ಪತ್ರಿಕೆ ಹೆಸರು ರೋಲಿಂಗ್ ಸ್ಟೋನ್, ಬಾಬ್ ಡೈಲನ್ ಹಾಡು ಲೈಕ್ ಎ ರೋಲಿಂಗ್ ಸ್ಟೋನ್. ಇವೆಲ್ಲ ಒಂದೇ ಬೇರಿನವಾ? ಯಾರು ಯಾರಿಂದ ತಗೊಂಡರು? ಒಂದು ಕಡೆ ನಿಲ್ಲದೇ ಇರೋದು ಇವರಿಗೆಲ್ಲ ಯಾಕೆ ಅಷ್ಟು ದೊಡ್ಡ ವಿಷಯ? ಗೊತ್ತಿದ್ದವರು ಹೇಳಿ.

ಮೈಸೂರ್‌ಪಾಕ್

ಸುಲಭ ಗುರು. ಬ್ಯಾಂಡ್ ಮೊದಲು ಬಂತು, 1962ರಲ್ಲಿ. ಅವರನ್ನು ನೋಡಿ ಡೈಲನ್ ಹಾಡು ಬರೆದರು, ಹಾಡು ನೋಡಿ ಪತ್ರಿಕೆ ಶುರುವಾಯ್ತು. ರಾಕ್ ಅಂದ್ರೇನೇ ಸ್ವಾತಂತ್ರ್ಯ. ಮನೆ, ಆಫೀಸು, ಇಎಂಐ ಯಾವುದೂ ಬೇಡ, ಗಿಟಾರ್ ಹೊತ್ತು ಹೊರಡು ಅಂತ. ನಿಮ್ಮ ಮಾವನಿಗೆ ಅದನ್ನೇ ಹೇಳಿ.

ಅಂದ ಹಾಗೆ 2003ರ ಏಪ್ರಿಲ್‌ನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಸ್ಟೋನ್ಸ್ ಕಾರ್ಯಕ್ರಮ ಆದಾಗ ನಾನು ಪಿಯುಸಿ. ಟಿಕೆಟ್‌ಗೆ ದುಡ್ಡಿರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹಳೇಕ್ಯಾಸೆಟ್

ಮೈಸೂರ್‌ಪಾಕ್ ಅವರೇ, ಹೊಟ್ಟೆಯುರಿಗೆ ನನ್ನ ಸಹಾನುಭೂತಿ ಇದೆ. ಆದರೆ ಸರಪಳಿ ತಪ್ಪು ಜೋಡಿಸಿದ್ದೀರಿ. ಮೊದಲ ಕೊಂಡಿ ಮಡ್ಡಿ ವಾಟರ್ಸ್, ಬ್ಲೂಸ್ ಅಂದ್ರೆ ಅಮೆರಿಕದ ಕಪ್ಪು ಜನರ ಹಾಡು ಹಾಡ್ತಿದ್ದ ಗಾಯಕ.

ನಾನು ಶಿವಮೊಗ್ಗದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಜನ ಖಾಲಿ ಕ್ಯಾಸೆಟ್ ತಂದು, ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಕೊಟ್ಟು ಹೋಗ್ತಿದ್ದರು. ನಾನು ತುಂಬಿಸಿ ಇಡ್ತಿದ್ದೆ. ಮುಕ್ಕಾಲು ಪಾಲು ಚೀಟಿ ರಾಜ್‌ಕುಮಾರ್, ಹಂಸಲೇಖ. ಇಂಜಿನಿಯರಿಂಗ್ ಹಾಸ್ಟೆಲ್ ಹುಡುಗರು ಮಾತ್ರ ಡೀಪ್ ಪರ್ಪಲ್, ರೋಲಿಂಗ್ ಸ್ಟೋನ್ಸ್ ಅಂತ ಬರೀತಿದ್ದರು. ಮಡ್ಡಿ ವಾಟರ್ಸ್ ಬೇಕು ಅಂತ ಒಬ್ಬನೂ ಕೇಳಲಿಲ್ಲ. ಬೆಂಗಳೂರಿನಿಂದ ತರಿಸಿದ ಹಳೇ ಎಲ್‌ಪಿಗಳ ಕಟ್ಟಿನಲ್ಲಿ ಅವರದ್ದೊಂದು ಬಂದಿತ್ತು. ಗಿರಾಕಿ ಇಲ್ಲದ ಹೊತ್ತಲ್ಲಿ ಸುಮ್ನೆ ಹಾಕಿದೆ. ಆಮೇಲೆ ನಾನೇ ಗಿರಾಕಿಯಾದೆ.

ಅವರ ನಿಜವಾದ ಹೆಸರು ಮೆಕಿನ್ಲಿ ಮಾರ್ಗನ್‌ಫೀಲ್ಡ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ, ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ ಸ್ಟೋವಾಲ್ ಅನ್ನೋ ಹತ್ತಿ ಜಮೀನಿನಲ್ಲಿ ಅಜ್ಜಿ ಸಾಕಿದ ಹುಡುಗ. 1941ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅನ್ನೋ ಸರ್ಕಾರಿ ಗ್ರಂಥಾಲಯದ ಕಡೆಯಿಂದ ಅಲನ್ ಲೋಮ್ಯಾಕ್ಸ್ ಅನ್ನೋರು ರೆಕಾರ್ಡಿಂಗ್ ಯಂತ್ರದ ಜೊತೆ ಅಲ್ಲಿಗೆ ಬಂದು ಇವರ ಹಾಡು ಹಿಡಿದುಕೊಂಡು ಹೋದರು. ತನ್ನ ದನಿಯನ್ನು ತಾನೇ ಕೇಳಿದ ಮೇಲೆ ಮಡ್ಡಿಗೆ ಧೈರ್ಯ ಬಂತು. ಹೊಟ್ಟೆಪಾಡಿಗೆ ಟ್ರ್ಯಾಕ್ಟರ್ ಓಡಿಸ್ತಿದ್ದರು. 1943ರಲ್ಲಿ ಕೂಲಿ ಸ್ವಲ್ಪ ಏರಿಸಿ, ಗಂಟೆಗೆ 25 ಸೆಂಟ್ ಮಾಡಿ ಅಂತ ಕೇಳಿದರು. ಜಮೀನಿನ ಮೇಲ್ವಿಚಾರಕ ಕೆಂಡವಾದ. ಮಡ್ಡಿ ರೈಲು ಹತ್ತಿ ಶಿಕಾಗೋಗೆ ಹೋದರು.

ಅವರೊಬ್ಬರೇ ಹೋದದ್ದಲ್ಲ. 1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೋದರು. ಹೊಲದಲ್ಲಿ ದುಡಿದರೆ ಸಾಲ ತೀರಲ್ಲ, ಮಾತಾಡಿದರೆ ಜೀವ ಉಳಿಯೋ ಖಾತ್ರಿ ಇಲ್ಲ. ಹತ್ತಿ ಬಿಡಿಸೋ ಯಂತ್ರ ಬಂದ ಮೇಲೆ ಇದ್ದ ಕೂಲಿಗೂ ಸಂಚಕಾರ. ಊರು ಸುತ್ತೋ ಚಟಕ್ಕೆ ಯಾರೂ ಹೊರಟಿರಲಿಲ್ಲ ಸ್ವಾಮಿ.

1950ರಲ್ಲಿ ಶಿಕಾಗೋದ ಚೆಸ್ ಕಂಪನಿ ಮಡ್ಡಿಯ ರೋಲಿನ್ ಸ್ಟೋನ್ ಹೊರಗೆ ತಂತು. ಚೆಸ್ ಅನ್ನೋ ಹೆಸರಲ್ಲಿ ಬಂದ ಮೊಟ್ಟಮೊದಲ ರೆಕಾರ್ಡುಗಳಲ್ಲಿ ಅದೊಂದು. ಪೂರ್ತಿ ಹೊಸ ಹಾಡೇನಲ್ಲ, ಮಿಸಿಸಿಪ್ಪಿ ಕಡೆ ಬಹಳ ಜನ ಹಾಡ್ತಿದ್ದ ಕ್ಯಾಟ್‌ಫಿಷ್ ಬ್ಲೂಸ್ ಅನ್ನೋದರ ಮೇಲೆ ಕಟ್ಟಿದ್ದು. ಮೊದಲು ನಾನೊಂದು ಮೀನಾಗಿದ್ರೆ ಚೆಂದದ ಹೆಂಗಸರೆಲ್ಲ ನನಗೇ ಗಾಳ ಹಾಕ್ತಿದ್ದರು ಅಂತ ಚೇಷ್ಟೆ. ಆಮೇಲೆ ಇದ್ದಕ್ಕಿದ್ದ ಹಾಗೆ, ಇನ್ನೂ ಹುಟ್ಟದ ಮಗುವಿನ ಬಗ್ಗೆ ತಾಯಿ ತಂದೆಗೆ ಹೇಳೋ ಮಾತು ಬರುತ್ತೆ. ಬರೋದು ಗಂಡು ಮಗು, ಅದು ಉರುಳೋ ಕಲ್ಲೇ ಆಗೋದು ಅಂತ. ಹೆಮ್ಮೆಯೋ, ಸಂಕಟವೋ, ಹಾಡು ಬಿಡಿಸಿ ಹೇಳಲ್ಲ.

ಬರೀ ಒಂದು ದನಿ, ಒಂದು ಎಲೆಕ್ಟ್ರಿಕ್ ಗಿಟಾರ್. ಡ್ರಮ್ಸ್ ಇಲ್ಲ, ಏನಿಲ್ಲ. ಹಾಡಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಕಾರ್ಡ್, ಅಂದ್ರೆ ಒಂದೇ ಸ್ವರಗುಚ್ಛ, ನಮ್ಮ ತಂಬೂರಿ ಶ್ರುತಿಯ ಹಾಗೆ. ಅಲೆಮಾರಿಯ ಹಾಡು ಕೂತ ಜಾಗದಿಂದ ಕದಲೋದೇ ಇಲ್ಲ! ಒಂದು ಸಾಲು ಹಾಡಿ ನಿಲ್ತಾರೆ, ಗಿಟಾರ್ ಉತ್ತರ ಕೊಡುತ್ತೆ, ಮತ್ತೆ ಖಾಲಿ. ಆ ಖಾಲಿ ಜಾಗಕ್ಕೇ ನಾನು ಬಿದ್ದಿದ್ದು.

ಈಗ ಬ್ಯಾಂಡ್. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್‌ಗೆ ಬಾಲ್ಯದ ಪರಿಚಯದ ಮಿಕ್ ಜಾಗರ್ ಸಿಕ್ಕರು. ಜಾಗರ್ ಕಂಕುಳಲ್ಲಿ ಚಕ್ ಬೆರ್ರಿ ಮತ್ತು ಮಡ್ಡಿಯ ಎಲ್‌ಪಿಗಳು. ಮುಂದಿನ ವರ್ಷ, ಇವರಿಬ್ಬರೂ ಇದ್ದ ಗುಂಪಿನ ಗಿಟಾರ್ ವಾದಕ ಬ್ರಯಾನ್ ಜೋನ್ಸ್ ತಮ್ಮ ಕಾರ್ಯಕ್ರಮದ ಜಾಹೀರಾತು ಕೊಡೋಕೆ ಒಂದು ಸಂಗೀತ ಪತ್ರಿಕೆಗೆ ಫೋನ್ ಮಾಡಿದರು. ಗುಂಪಿನ ಹೆಸರೇನು ಅಂತ ಆ ಕಡೆಯಿಂದ ಕೇಳಿದರು. ಹೆಸರೇ ಇಟ್ಟಿರಲಿಲ್ಲ. ನೆಲದ ಮೇಲೆ ಮಡ್ಡಿಯ ಎಲ್‌ಪಿ ಬಿದ್ದಿತ್ತು, ಅದರಲ್ಲಿದ್ದ ಈ ಹಾಡಿನ ಹೆಸರು ಕಣ್ಣಿಗೆ ಬಿತ್ತು, ಅದನ್ನೇ ಹೇಳಿಬಿಟ್ಟರು. ಕೀತ್ ಹೇಳೋ ಕಥೆ ಇದು. 1962ರ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಆ ಹೆಸರಲ್ಲಿ ಮೊದಲ ಕಾರ್ಯಕ್ರಮ ಆಯ್ತು.

ಡೈಲನ್ ದಾರಿ ಬೇರೆ. 1949ರಲ್ಲಿ ಹ್ಯಾಂಕ್ ವಿಲಿಯಮ್ಸ್ ಹಾಡಿದ ಲಾಸ್ಟ್ ಹೈವೇ ಅನ್ನೋ ಕಂಟ್ರಿ ಹಾಡು ಶುರುವಾಗೋದೇ ನಾನೊಂದು ಉರುಳೋ ಕಲ್ಲು ಅಂತ. ಬರೆದವರು ಲಿಯಾನ್ ಪೇನ್, ಕಣ್ಣು ಕಾಣದ ಗಾಯಕ. 1965ರ ಇಂಗ್ಲೆಂಡ್ ಪ್ರವಾಸದಲ್ಲಿ ಡೈಲನ್ ಹೋಟೆಲ್ ಕೋಣೆಯಲ್ಲಿ ಅದನ್ನು ಹಾಡಿದ್ದು ಸಾಕ್ಷ್ಯಚಿತ್ರದಲ್ಲೇ ಇದೆ. ಆ ವರ್ಷ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಲೈಕ್ ಎ ರೋಲಿಂಗ್ ಸ್ಟೋನ್ ರೆಕಾರ್ಡ್ ಆಯ್ತು. ಆರು ನಿಮಿಷ ದಾಟೋ ಹಾಡು. ಆಗಿನ ರೇಡಿಯೋದವರಿಗೆ ಮೂರು ನಿಮಿಷವೇ ಜಾಸ್ತಿ. ಆದರೂ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು.

ಪತ್ರಿಕೆ ಬಂದದ್ದು 1967ರ ನವೆಂಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಮೊದಲ ಸಂಚಿಕೆಯಲ್ಲೇ ಸಂಪಾದಕ ಯಾನ್ ವೆನ್ನರ್ ಹೆಸರಿನ ವಂಶಾವಳಿ ಕೊಟ್ಟಿದ್ದರು. ಹಳೇ ಗಾದೆ, ಮಡ್ಡಿ ಹಾಡು, ಬ್ಯಾಂಡ್, ಡೈಲನ್ ಹಾಡು, ಇಷ್ಟು. ಹ್ಯಾಂಕ್ ವಿಲಿಯಮ್ಸ್ ಪಟ್ಟಿಯಲ್ಲಿಲ್ಲ. ಸಂಚಿಕೆಯ ಬೆಲೆ 25 ಸೆಂಟ್. ಸ್ಟೋವಾಲ್‌ನ ಮೇಲ್ವಿಚಾರಕ ಒಂದು ಗಂಟೆ ಕೆಲಸಕ್ಕೆ ಕೊಡಲ್ಲ ಅಂದ ದುಡ್ಡು! ಆಕಸ್ಮಿಕವೇ ಇರಬಹುದು, ನನಗೆ ಮಾತ್ರ ಮರೆಯೋಕೆ ಆಗಲ್ಲ.

ಇನ್ನು ಸ್ವಾತಂತ್ರ್ಯ ಅಂದ್ರಲ್ಲ, ಅಲ್ಲೇ ನನ್ನ ತಕರಾರು. ಆ ಹಾಡುಗಳನ್ನೇ ಕೂತು ಕೇಳಿ. ಹ್ಯಾಂಕ್ ಹಾಡಿನವನು ಜೂಜು, ಕುಡಿತ, ಹೆಣ್ಣಿನ ಸುಳ್ಳು ಅಂತ ದಾರಿ ತಪ್ಪಿದವನು, ನನ್ನ ಹಾಗೆ ಆಗಬೇಡಿ ಅಂತಾನೆ. ಡೈಲನ್ ಹಾಡಿನಲ್ಲಿ ಶ್ರೀಮಂತಿಕೆ ಕಳಕೊಂಡ ಹುಡುಗಿಗೆ, ಮನೆ ಇಲ್ಲದೆ ಯಾರಿಗೂ ಗುರುತಿಲ್ಲದೆ ಇರೋದು ಹೇಗಿದೆ ಈಗ ಅಂತ ಚುಚ್ಚಿ ಕೇಳೋದಿದೆ. ಮಡ್ಡಿಯದ್ದರಲ್ಲಿ ಸ್ವಲ್ಪ ಗತ್ತಿದೆ, ಒಪ್ತೀನಿ. ಆದರೆ ಅಲೆದಾಟ ಮಜಾ ಅಂತ ಯಾವುದೂ ಹೇಳಲ್ಲ. ಮಜಾ ಅಂತ ಹೇಳೋದು ಬ್ಯಾಂಡಿನ ಹೆಸರು, ಪತ್ರಿಕೆಯ ಹೆಸರು, ಟೀ ಶರ್ಟು. ಹಾಡಿದವರು ಒಂದು ಹೇಳಿದರು, ಹೆಸರಿಟ್ಟುಕೊಂಡವರು ತಮಗೆ ಬೇಕಾದ್ದನ್ನು ಆರಿಸಿಕೊಂಡರು.

ಮಡ್ಡಿಯನ್ನೇ ನೋಡಿ. ಕೈಗೆ ದುಡ್ಡು ಬಂದ ಕೂಡಲೇ ಶಿಕಾಗೋದ ಸೌತ್ ಲೇಕ್ ಪಾರ್ಕ್ ಅವೆನ್ಯೂದಲ್ಲಿ ಮನೆ ತಗೊಂಡು, ಎಪ್ಪತ್ತರ ದಶಕದ ಮೊದಲಿನವರೆಗೂ ಅಲ್ಲೇ ಇದ್ದರು. ತಮ್ಮ ಪಿಯಾನೋ ವಾದಕ ಓಟಿಸ್ ಸ್ಪ್ಯಾನ್‌ಗೂ ಅಲ್ಲೇ ಜಾಗ ಕೊಟ್ಟಿದ್ದರು. ನೆಲಮಾಳಿಗೆಯಲ್ಲಿ ತಾಲೀಮು. ಅಸಲಿ ಉರುಳೋ ಕಲ್ಲಿಗೆ ಬೇಕಾಗಿದ್ದದ್ದು ಒಂದು ಸ್ವಂತ ಮನೆ.

ಟೀ ಶರ್ಟಿನ ಬಗ್ಗೆ ನಿನ್ನ ಅತ್ತೆ ಕಣ್ಣು ಚುರುಕು, ತಮ್ಮಾ. 1970ರಲ್ಲಿ ಆ ನಾಲಿಗೆ ಗುರುತು ಬರೆದ ಜಾನ್ ಪಾಶ್ ಅನ್ನೋ ಚಿತ್ರಕಲೆ ವಿದ್ಯಾರ್ಥಿಗೆ ಜಾಗರ್ ತೋರಿಸಿದ್ದೇ ಕಾಳಿಯ ಚಿತ್ರ. ಪಾಶ್‌ಗೆ ಆಗ ಸಿಕ್ಕಿದ್ದು 50 ಪೌಂಡ್.

ಸಾಗರದ_ಹುಡುಗ

ಸರ್, ದೊಡ್ಡ ನಮಸ್ಕಾರ. ಕಾಳಿ ವಿಷಯ ಅತ್ತೆಗೆ ವಾಟ್ಸ್ಯಾಪ್ ಮಾಡಿದೆ, ಹೆಬ್ಬೆರಳು ಬಂತು. ಪಾಚಿ ಪ್ರಶ್ನೆ ಮಾತ್ರ ಹಾಗೇ ಉಳೀತು.

ಓಸಾಕಾ_ಕನ್ನಡತಿ

ಪಾಚಿಗೆ ನಾನು ಸ್ವಲ್ಪ ಸೇರಿಸ್ತೀನಿ. ಹನ್ನೆರಡು ವರ್ಷದ ಮಗಳ ಜೊತೆ ಜಪಾನಿನಲ್ಲಿದ್ದೇನೆ. ಇಲ್ಲಿನ ರಾಷ್ಟ್ರಗೀತೆ ಕಿಮಿಗಾಯೋದ ಹಾರೈಕೆಯೇ ಸಣ್ಣ ಕಲ್ಲುಗಳೆಲ್ಲ ಸೇರಿ ಬಂಡೆಯಾಗಿ, ಬಂಡೆಗೆ ಪಾಚಿ ಹಿಡಿಯೋವರೆಗೂ ಬಾಳಲಿ ಅಂತ. ಕ್ಯೋಟೋದಲ್ಲಿ ಸೈಹೋಜಿ ಅನ್ನೋ ದೇವಸ್ಥಾನ ಇದೆ. ಜನ ಅದನ್ನು ಪಾಚಿ ದೇವಸ್ಥಾನ ಅಂತಲೇ ಕರೀತಾರೆ. ಮೊದಲೇ ಅನುಮತಿ ಪಡೆದು ಹೋಗಬೇಕು. ನಾನು ಮಂಗಳೂರಿನವಳು. ಚಿಕ್ಕಂದಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಅಂಗಳ ಉಜ್ಜಿದ ಕೈ ಇದು. ಇಲ್ಲಿ ಒಬ್ಬರು ಮಂಡಿಯೂರಿ ಕೂತು ಪಾಚಿ ಮೇಲೆ ಬಿದ್ದ ಎಲೆಗಳನ್ನು ಆರಿಸಿ ತೆಗೀತಿದ್ದರು. ನೋಡಿ ಬೆರಗಾದೆ.

ಹಳೇಕ್ಯಾಸೆಟ್ ಸರ್, ಯುರೋಪಿನವರಿಗೂ ಮೊದಲು ಪಾಚಿ ಒಳ್ಳೇದೇ ಆಗಿತ್ತಾ?

ಹಳೇಕ್ಯಾಸೆಟ್

ಹೌದಮ್ಮ, ಹಾಗೇ. ಎರಾಸ್ಮಸ್ ಅನ್ನೋ ಡಚ್ ಪಂಡಿತ 1500ರ ಆಸುಪಾಸಿನಲ್ಲಿ ಗ್ರೀಕ್, ಲ್ಯಾಟಿನ್ ಗಾದೆಗಳ ದೊಡ್ಡ ಸಂಗ್ರಹ ಮಾಡಿದ. ಅದರಲ್ಲಿ ಇದಿದೆ. ಇಂಗ್ಲಿಷಿನಲ್ಲಿ ಜಾನ್ ಹೇವುಡ್‌ನ 1546ರ ಗಾದೆ ಪುಸ್ತಕದಲ್ಲಿ ಸಿಗುತ್ತೆ. ಅಲ್ಲೆಲ್ಲ ಇದು ಬುದ್ಧಿವಾದ. ನೆಲೆ ನಿಲ್ಲದವನಿಗೆ ಆಸ್ತಿಯೂ ಕೂಡಲ್ಲ, ನಂಟರೂ ಕೂಡಲ್ಲ ಅಂತ. ಹುಡುಗನ ಮಾವ ಹೇಳಿದ್ದು ಈ ಹಳೇ ಲೆಕ್ಕದಲ್ಲಿ. ಮೇಷ್ಟ್ರಲ್ವಾ, ಸರಿಯಾಗೇ ಹೇಳಿದ್ದಾರೆ. ಪಾಚಿ ಅಂದ್ರೆ ತುಕ್ಕು ಥರ, ಓಡಾಡ್ತಾ ಇದ್ರೆ ಅದು ಅಂಟಲ್ಲ ಅನ್ನೋದು ಆಮೇಲಿನ ಓದು. ಅಮೆರಿಕದವರಿಗೆ ಅದು ಬಹಳ ಹಿಡಿಸ್ತು. ಹೊಸ ನೆಲ ಹುಡುಕಿ ಪಶ್ಚಿಮಕ್ಕೆ ಹೋಗ್ತಾನೇ ಇದ್ದವರಿಗೆ ನಿಲ್ಲು ಅನ್ನೋ ಗಾದೆ ಯಾಕೆ ಬೇಕು? 1971ರಲ್ಲಿ ಡಾನ್ ಮೆಕ್ಲೀನ್ ಅಮೆರಿಕನ್ ಪೈ ಹಾಡಿನಲ್ಲಿ ಗಾದೆಯನ್ನೇ ತಿರುಗಿಸಿ, ಉರುಳೋ ಕಲ್ಲಿನ ಮೇಲೆ ಪಾಚಿ ದಪ್ಪಗೆ ಬೆಳೆದಿದೆ ಅಂತ ಹಾಡಿದರು. ಯಾರನ್ನು ಕುಟುಕಿದ್ದು ಅಂತ ಇವತ್ತಿಗೂ ಜಗಳ ನಡೀತಿದೆ. ದುಡ್ಡು ಮಾಡಿದ ರಾಕ್ ತಾರೆಗಳನ್ನೇ ಅಂತ ನನ್ನ ಅಂದಾಜು.

ಧಾರವಾಡ_ಪೇಡೆ

ನಮಸ್ಕಾರ್ರೀ. ಇಷ್ಟೆಲ್ಲ ಮಿಸಿಸಿಪ್ಪಿ, ಲಂಡನ್ ತಿರುಗೋದು ಯಾಕ್ರೀ? ಹನ್ನೆರಡನೇ ಶತಮಾನದಲ್ಲೇ ಬಸವಣ್ಣನವರು ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಅಂದಿದ್ದಾರಲ್ಲ. ನಿಂತದ್ದು ಬಿದ್ದು ಹೋಗ್ತದ, ನಡೆಯೋದು ಉಳೀತದ. ರಾಕ್‌ನವರ ಅಪ್ಪ ನಮ್ಮ ಜಂಗಮ.

ಹಳೇಕ್ಯಾಸೆಟ್

ಪೇಡೆ ಸಾಹೇಬ್ರೇ, ವಚನ ಕೇಳಿ ಖುಷಿಯಾಯ್ತು. ಅಪ್ಪ ಮಗ ಸಂಬಂಧ ಮಾತ್ರ ಒಪ್ಪಲ್ಲ. ಆ ವಚನ ಶುರುವಾಗೋದು ಉಳ್ಳವರು ಶಿವಾಲಯ ಕಟ್ಟೋ ಮಾತಿಂದ, ನಾನು ಬಡವ ಏನು ಮಾಡಲಿ ಅಂತ. ಕಲ್ಲಿನ ಗುಡಿ ಕಟ್ಟೋಕೆ ಆಗದವನು ತನ್ನ ಮೈಯನ್ನೇ ಗುಡಿ ಅಂದ. ಜಂಗಮನಿಗೆ ಹೋದ ಕಡೆಯೆಲ್ಲ ಅನ್ನ ಇಡೋ ಮನೆ ಇರ್ತಿತ್ತು, ಕಾಲು ತೊಳೆಯೋ ಭಕ್ತರಿರ್ತಿದ್ದರು. ಮಿಸಿಸಿಪ್ಪಿಯಿಂದ ಹೊರಟವನಿಗೆ ಎಷ್ಟೋ ಹೋಟೆಲುಗಳಲ್ಲಿ ಕೂರೋಕೂ ಬಿಡ್ತಿರಲಿಲ್ಲ. ಅದಕ್ಕೂ ಇದಕ್ಕೂ ನಂಟು ಹಚ್ಚಿದರೆ ಇಬ್ಬರಿಗೂ ಅನ್ಯಾಯ.

ಅಪ್ಪ ಅಂದ್ರಲ್ಲ, ಒಂದು ಹಾಡು ಹೇಳೋದೇ ಬಿಟ್ಟಿದ್ದೆ. ಪಾಪಾ ವಾಸ್ ಎ ರೋಲಿನ್ ಸ್ಟೋನ್. ಮೋಟೌನ್ ಕಂಪನಿಯ ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್ ಬರೆದದ್ದು. 1972ರಲ್ಲಿ ಟೆಂಪ್ಟೇಷನ್ಸ್ ಅನ್ನೋ ಗಾಯಕರ ಗುಂಪು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಎಲ್‌ಪಿಯಲ್ಲಿ ಹನ್ನೆರಡು ನಿಮಿಷದ ಹತ್ತಿರ ಇದೆ. ದನಿ ಶುರುವಾಗೋಕೆ ಮೊದಲೇ ಸುಮಾರು ನಾಲ್ಕು ನಿಮಿಷ ಹೋಗುತ್ತೆ. ಬೇಸ್ ಗಿಟಾರಿನ ಅದೇ ಎರಡು ಮೂರು ಸ್ವರ, ಕೈ ಚಪ್ಪಾಳೆ, ತುತ್ತೂರಿ, ಪಿಟೀಲುಗಳು. ಆಮೇಲೆ ಮಕ್ಕಳು ಅಮ್ಮನನ್ನು ಕೇಳ್ತಾರೆ. ಅಪ್ಪ ಸತ್ತರಂತೆ. ನಾವು ಅವರನ್ನು ನೋಡಿದ್ದೇ ಇಲ್ಲ. ಜನ ಏನೇನೋ ಆಡ್ಕೋತಾರೆ, ನಿಜವಾ? ಅಮ್ಮ ಕೊಡೋದು ಒಂದೇ ಉತ್ತರ. ಅವರು ಉರುಳೋ ಕಲ್ಲು, ಟೋಪಿ ಇಟ್ಟ ಕಡೆಯೇ ಮನೆ, ಸತ್ತಾಗ ಬಿಟ್ಟು ಹೋದದ್ದು ನಮ್ಮನ್ನು ಒಂಟಿಯಾಗಿ, ಅಷ್ಟೇ.

ಮಡ್ಡಿ ಹಾಡಿನಲ್ಲಿ ಹುಟ್ಟೋಕೆ ಮೊದಲೇ ಉರುಳೋ ಕಲ್ಲು ಅನ್ನಿಸಿಕೊಂಡ ಆ ಗಂಡು ಮಗು ಇಲ್ಲಿ ಸತ್ತ ಅಪ್ಪ ಆಗಿ ಬಂದ ಹಾಗೆ ಕೇಳುತ್ತೆ ನನಗೆ. ಬರೆದವರಿಗೆ ಆ ಉದ್ದೇಶ ಇತ್ತು ಅಂತ ನಾನು ಹೇಳ್ತಿಲ್ಲ. ಆದರೆ ಈ ಹಾಡೂ ಮೊದಲಿಂದ ಕೊನೆವರೆಗೆ ಒಂದೇ ಕಾರ್ಡ್ ಮೇಲೆ ನಿಂತಿದೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಕ್ಯಾಸೆಟ್ಟಿಗೆ ತುಂಬಿಸಿ ಇಟ್ಟುಕೊಂಡಿದ್ದೆ. ಎ ಬದಿಗೆ ಮಡ್ಡಿ, ಬಿ ಬದಿಗೆ ಇದು. ಹೋದವನ ಪಾಡು ಒಂದು ಕಡೆ, ಉಳಿದವರ ಪಾಡು ಇನ್ನೊಂದು ಕಡೆ. ರಾಕ್ ಜಗತ್ತು ಎ ಬದಿಯನ್ನೇ ತಿರುಗಿಸಿ ತಿರುಗಿಸಿ ಹಾಕ್ತು.

ಓಸಾಕಾ_ಕನ್ನಡತಿ

ಬಿ ಬದಿ ಈಗಷ್ಟೇ ಕೇಳಿದೆ. ನಾನು ಮಗಳನ್ನು ಕಟ್ಟಿಕೊಂಡು ಮೂರು ದೇಶ ತಿರುಗಿದವಳು. ಹಾಡು ಅಪ್ಪಂದಿರ ಬಗ್ಗೆ ಇದ್ರೂ ಸ್ವಲ್ಪ ತಾಗಿತು. ಮಗಳು ಬೇಸ್ ಚೆನ್ನಾಗಿದೆ ಅಂದಳು, ಅಷ್ಟೇ.

ಮೈಸೂರ್‌ಪಾಕ್

ಹಳೇಕ್ಯಾಸೆಟ್ ಸರ್, ಶರಣಾಗಿದ್ದೇನೆ. ಒಂದೇ ಒಂದು ಡೌಟ್. ಸ್ಟೋನ್ಸ್‌ನವರು 1964ರಲ್ಲಿ ಚೆಸ್ ಸ್ಟುಡಿಯೋಗೆ ಹೋದಾಗ ಮಡ್ಡಿ ವಾಟರ್ಸ್ ಏಣಿ ಹತ್ತಿ ಸೂರಿಗೆ ಬಣ್ಣ ಬಳಿಯುತ್ತಿದ್ದರು ಅಂತ ಎಲ್ಲೋ ಓದಿದ್ದೆ. ನಿಜವಾ? ನಿಜ ಆದ್ರೆ ತುಂಬಾ ಬೇಜಾರು.

ಹಳೇಕ್ಯಾಸೆಟ್

ಅದು ಕೀತ್ ರಿಚರ್ಡ್ಸ್ ಬಹಳ ಕಡೆ ಹೇಳಿರೋ ಕಥೆ. ಚೆಸ್ ಮನೆತನದ ಮಾರ್ಷಲ್ ಚೆಸ್ ಅದನ್ನು ಸಾರಾಸಗಟು ಅಲ್ಲಗಳೆದಿದ್ದಾರೆ. ನಾನೂ ನಂಬಲ್ಲ. ಮಡ್ಡಿ ಆ ಕಾಲಕ್ಕೆ ಒಳ್ಳೇ ಸೂಟು ಹಾಕಿ ಓಡಾಡೋ, ಸ್ವಂತ ಬ್ಯಾಂಡಿನ ಯಜಮಾನ. ತಮ್ಮ ಗುರು ಬಡವನಾಗಿ ಬಿದ್ದಿದ್ದ ಅನ್ನೋ ಚಿತ್ರ ಶಿಷ್ಯನ ಕಥೆಗೆ ಚೆನ್ನಾಗಿ ಒದಗುತ್ತೆ, ಅದಕ್ಕೇ ಹರಡಿದೆ. ಸ್ಟೋನ್ಸ್ ಬ್ಯಾಂಡಿನವರೇ ಆದ ಬಿಲ್ ವೈಮನ್ ನೆನಪು ಬೇರೆ. ಇವರು ವ್ಯಾನಿನಿಂದ ಸಾಮಾನು ಇಳಿಸ್ತಿದ್ದಾಗ ಮಡ್ಡಿ ಬಂದು ತಾವೂ ಎತ್ತಿ ಒಳಗಿಡೋಕೆ ನೆರವಾದರಂತೆ. ಸೌತ್ ಮಿಷಿಗನ್ ಅವೆನ್ಯೂ 2120ನೇ ನಂಬರಿನ ಕಟ್ಟಡ ಅದು. ಆ ನಂಬರನ್ನೇ ಹೆಸರು ಮಾಡಿ ಸ್ಟೋನ್ಸ್ ಒಂದು ವಾದ್ಯದ ತುಣುಕನ್ನೂ ರೆಕಾರ್ಡ್ ಮಾಡಿದ್ದಾರೆ.

ಇಬ್ಬರನ್ನೂ ಒಟ್ಟಿಗೆ ನೋಡಬೇಕು ಅಂದ್ರೆ 1981ರ ನವೆಂಬರ್ 22ರ ವಿಡಿಯೋ ಹುಡುಕಿ. ಶಿಕಾಗೋದ ಚೆಕರ್‌ಬೋರ್ಡ್ ಲೌಂಜ್ ಅನ್ನೋ ಇಕ್ಕಟ್ಟು ಕ್ಲಬ್ಬು. ಮಡ್ಡಿ ಹಾಡ್ತಿರುವಾಗ ಜಾಗರ್, ರಿಚರ್ಡ್ಸ್ ಬಂದು ಕೂರ್ತಾರೆ, ಆಮೇಲೆ ವೇದಿಕೆಗೆ ಹತ್ತುತ್ತಾರೆ. ಕೀತ್ ಮೇಜುಗಳ ಮೇಲೇ ನಡೆದು ಹೋಗೋದನ್ನು ತಪ್ಪಿಸಿಕೊಳ್ಳಬೇಡಿ. ಮುಂದೆ ಒಂದೂವರೆ ವರ್ಷಕ್ಕೆ, 1983ರ ಏಪ್ರಿಲ್‌ನಲ್ಲಿ ಮಡ್ಡಿ ತೀರಿಕೊಂಡರು. 2023ರಲ್ಲಿ ಸ್ಟೋನ್ಸ್ ತಂದ ಆಲ್ಬಮ್ಮಿನ ಕೊನೇ ಹಾಡು ಮಡ್ಡಿಯ ಅದೇ ಹಾಡು. ಜಾಗರ್ ದನಿ ಮತ್ತು ಹಾರ್ಮೋನಿಕಾ, ರಿಚರ್ಡ್ಸ್ ಗಿಟಾರ್, ಬೇರೆ ಯಾರೂ ಇಲ್ಲ. ಚೆನ್ನಾಗೇ ಮಾಡಿದ್ದಾರೆ, ಬಯ್ಯಲ್ಲ. ನೀವು ಮಾತ್ರ ಮೊದಲು 1950ರದ್ದು ಕೇಳಿ, ಆಮೇಲೆ ಇದನ್ನು.